ಹರಿಹರದ ತುಂಡುಗಳು

ಕಿಟಕಿಯ ಪಕ್ಕದಲ್ಲೇ ಸೀಟು ಸಿಕ್ಕಿದ್ದರೂ ಶಾಂತಕುಮಾರಿ ತೊಡೆಯ ಮೇಲಿನ ಚೀಲವನ್ನು ಕೆಳಗಿಡಲಿಲ್ಲ. ಚೀಲದೊಳಗೆ ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕಿತ್ತು. ಬಸ್ಸು ದಾವಣಗೆರೆಯ ನಿಲ್ದಾಣದಿಂದ ಪಿ.ಬಿ. ರಸ್ತೆಗೆ ಹೊರಳುವಾಗ ಅದರಲ್ಲಿನ ನೀರು ಕುಲುಕಿದ್ದು ಸೀರೆಯ ಮೂಲಕ ಹೊಟ್ಟೆಗೆ ತಿಳಿಯಿತು. ಎರಡೂ ಕೈಯಿಂದ ಒತ್ತಿ ಹಿಡಿದಳು. ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟು ಹರಿದುಕೊಟ್ಟ ಕಂಡಕ್ಟರು, ‘ಕೆಳಗಿಟ್ಟು ಆರಾಮ ಕೂಡ್ರಿ ಮೇಡಂ, ಯಾರೂ ಒಯ್ಯಂಗಿಲ್ಲ’ ಎಂದು ನಕ್ಕ. ಅವಳೂ ನಗಲು ನೋಡಿದಳು. ಬೆಳಿಗ್ಗೆ ಲ್ಯಾಬಿನಲ್ಲಿ ಆ ನೀರನ್ನು ತಯಾರಿಸಿದ್ದು ಅವಳೇ. ನಾಲ್ಕೈದು ಬಗೆಯ ಉಪ್ಪು, ಒಂದಿಷ್ಟು ಗ್ಲೂಕೋಸು. ದೇಹದಿಂದ ಹೊರಗೆ ಬಂದ ಸ್ನಾಯು ತಾನಿನ್ನೂ ದೇಹದೊಳಗೇ ಇದ್ದೇನೆಂದು ನಂಬುವಷ್ಟು ಹದವಾದ ನೀರು. ಅಳೆದು ಸುರಿದು ಮುಗಿಸಿ ಮುಚ್ಚಳ ತಿರುಗಿಸುವಾಗ ಅವಳಿಗೆ ಕಂಡದ್ದು ಇಷ್ಟು: ತನ್ನ ಕೈ ಎರಡು ತುಂಡಿಗೆ ಆಗುವಷ್ಟು ಅಳೆದಿದೆ. ಒಂದು ಯಾರದೋ. ಇನ್ನೊಂದು ಲ್ಯಾಬಿನ ಗಾಜು ತೊಳೆಯುವ ಪುಟ್ಟಕ್ಕನದು.

ಹಾಗೆ ಅಳೆಯುವಾಗ ತಾನು ಏನು ಯೋಚಿಸುತ್ತಿದ್ದೆ ಎಂದು ಈಗ ನೆನಪಿಸಿಕೊಳ್ಳಲು ನೋಡಿದಳು. ಏನೂ ಇಲ್ಲ. ಫ್ಯಾನು ತಿರುಗುತ್ತಿತ್ತು. ಸಿಂಕಿನ ಬಳಿ ಪುಟ್ಟಕ್ಕನ ಜಾಗ ಖಾಲಿ ಇತ್ತು, ಗಾಜಿನ ಸಾಮಾನು ಹಿಂದಿನ ದಿನದ್ದು ಹಾಗೇ ಬಿದ್ದಿತ್ತು, ರಜೆ ಹಾಕಿದ್ದಾಳೆ ಎಂದು ಜೊತೆಗೆ ಕೆಲಸ ಮಾಡುವ ಹುಮಾ ಹೇಳಿದ್ದಳು. ಯಾಕೆ ರಜೆ ಎಂದು ಹುಮಾಗೂ ಗೊತ್ತಿತ್ತು, ಇವಳಿಗೂ ಗೊತ್ತಿತ್ತು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಹುಮಾ ಇವಳಿಗಿಂತ ಹತ್ತು ವರ್ಷ ಚಿಕ್ಕವಳು, ಆಗಲೇ ಡಾಕ್ಟರೇಟು ಮುಗಿಸಿದ್ದಾಳೆ. ಫಾರ್ಮಸಿ ಕಾಲೇಜಿಗೆ ಯಾರಾದರೂ ಅತಿಥಿಗಳು ಬಂದಾಗ ಪ್ರಿನ್ಸಿಪಾಲರು ‘ಇವರು ಡಾಕ್ಟರ್ ಹುಮಾ, ಇವರು ನಮ್ಮ ಶಾಂತಕುಮಾರಿ ಮೇಡಂ, ಇನ್ನೂ ಮಾಡ್ತಾ ಇದಾರೆ’ ಎನ್ನುವರು. ಆ ‘ಇನ್ನೂ’ ಎಂಬುದನ್ನು ಅವರು ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಅವಳ ಪ್ರಬಂಧದ ವಿಷಯವನ್ನು ಯಾರಾದರೂ ಕೇಳಿದರೆ, ಮುಟ್ಟಿನ ಹೊಟ್ಟೆನೋವಿಗೆ ಒಳ್ಳೆಯ ಔಷಧ ಹುಡುಕುವುದು ಎನ್ನುತ್ತಿದ್ದಳು. ಸುಳ್ಳೇನಲ್ಲ. ಗರ್ಭಕೋಶದ ಗೋಡೆ ನಯವಾದ ಸ್ನಾಯುವಿನದು, ಮನಸ್ಸಿನ ಹಿಡಿತಕ್ಕೆ ಸಿಗದೆ ತಾನೇ ಬಿಗಿಯುತ್ತದೆ, ತಾನೇ ಸಡಿಲುತ್ತದೆ. ಔಷಧ ಹೋಗಿ ಅದರ ಜೀವಕೋಶದ ಮೇಲಿನ ಗೊತ್ತಾದ ಜಾಗದಲ್ಲಿ, ರಿಸೆಪ್ಟರಿನಲ್ಲಿ, ಕೂತರೆ ಮಾತ್ರ ಕೆಲಸ. ಕ್ಲಾಸಿನಲ್ಲಿ ಅವಳು ಬಸ್ಸಿನ ಉದಾಹರಣೆ ಕೊಡುತ್ತಿದ್ದಳು. ಕೆಲವು ಔಷಧ ಸೀಟಿನಲ್ಲಿ ಕೂತು ಊರು ಮುಟ್ಟಿಸುತ್ತವೆ. ಕೆಲವು ಕಿಟಕಿಯಿಂದ ಎಸೆದ ಟವೆಲ್ಲಿನ ಹಾಗೆ, ತಾವೂ ಏನೂ ಮಾಡುವುದಿಲ್ಲ, ಬೇರೆಯವರನ್ನೂ ಕೂರಗೊಡುವುದಿಲ್ಲ. ಹುಡುಗರು ನಗುತ್ತಿದ್ದರು. ಬೇರೆ ಕಡೆಯವರು ಸ್ನಾಯುವನ್ನು ಅರೆದು, ಆ ಹಿಟ್ಟಿನಲ್ಲಿ ಎಷ್ಟು ಔಷಧ ಅಂಟಿಕೊಂಡಿತೆಂದು ಲೆಕ್ಕ ಹಾಕಿ ಮುಗಿಸುತ್ತಿದ್ದರು. ಇವಳು ಅದಕ್ಕೆ ಒಪ್ಪಿರಲಿಲ್ಲ. ಇಡಿಯಾಗಿರುವ ಸ್ನಾಯುವಿನಲ್ಲಿ ಔಷಧ ಕೂರುವ ರೀತಿಯೇ ಬೇರೆ, ಅರೆದ ಮೇಲೆ ಆ ಜಾಗ ಉಳಿದರೂ ಅದರ ಗುಣ ಉಳಿಯುವುದಿಲ್ಲ ಎಂಬುದು ಅವಳ ವಾದ. ಅದಕ್ಕೇ ಅವಳಿಗೆ ಆಪರೇಷನ್ನಿನಲ್ಲಿ ತೆಗೆದ ಗರ್ಭಕೋಶದ ಜೀವಂತ ತುಂಡು ಬೇಕಿತ್ತು. ಬೆಚ್ಚಗಿನ ದ್ರಾವಣದ ಗಾಜಿನ ಕೊಳವೆಯಲ್ಲಿ ದಾರ ಕಟ್ಟಿ ಇಳಿಬಿಟ್ಟಾಗ ತಾನಾಗಿ ಬಿಗಿದು, ಸಡಿಲಾಗಿ, ಮತ್ತೆ ಬಿಗಿಯುವ ತುಂಡು.

ದೊಡ್ಡಬಾತಿ ದಾಟಿತು. ಬಸ್ಸಿನ ತುಂಬ ಹೆಂಗಸರು, ಯಾರೋ ಬುಟ್ಟಿಯಲ್ಲಿ ಮೆಂತ್ಯದ ಸೊಪ್ಪು ಇಟ್ಟುಕೊಂಡಿದ್ದರು, ಅದರ ಕಹಿ ವಾಸನೆ. ಮೊದಲ ವರ್ಷ ದಾವಣಗೆರೆಯ ದೊಡ್ಡ ಆಸ್ಪತ್ರೆಗಳಿಂದ ತಂದ ತುಂಡುಗಳೆಲ್ಲ ಗಂಟು ಗಂಟು, ಸುಟ್ಟ ಅಂಚು, ದಾರಕ್ಕೆ ಕಟ್ಟಿದರೆ ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತಿದ್ದವು. ಗೈಡ್ ಶಿವಕುಮಾರ ಸರ್ ‘ವಿಷಯ ಬದಲಾಯಿಸ್ರಿ’ ಎಂದಿದ್ದರು. ಆಗಲೇ ಹರಿಹರದಲ್ಲಿ ನಯನಾ ಸ್ವಂತ ನರ್ಸಿಂಗ್ ಹೋಂ ತೆರೆದಿದ್ದಾಳೆಂದು ಗೊತ್ತಾದದ್ದು. ತವರಿನ ಓಣಿಯ ಹುಡುಗಿ, ಚಿಕ್ಕಂದಿನಲ್ಲಿ ‘ಶಾಂತಕ್ಕ, ಶಾಂತಕ್ಕ’ ಎಂದು ಹಿಂದೆ ಬರುತ್ತಿದ್ದವಳು. ಅಲ್ಲಿಂದ ಬಂದ ಮೊದಲ ತುಂಡನ್ನು ಇಳಿಬಿಟ್ಟ ದಿನ, ಕಂಪ್ಯೂಟರಿನ ಗೆರೆ ಸ್ವಲ್ಪ ಹೊತ್ತು ನೆಟ್ಟಗೆ ಹೋಗಿ, ಆಮೇಲೆ ಮೆಲ್ಲಗೆ ಎದ್ದು, ಗುಡ್ಡ ಹತ್ತಿ, ಇಳಿದು, ಮತ್ತೆ ಎದ್ದಿತು. ಅವಳು ಅತ್ತುಬಿಟ್ಟಿದ್ದಳು. ಅಂದಿನಿಂದ ಲ್ಯಾಬಿನಲ್ಲಿ ಒಳ್ಳೆಯ ತುಂಡಿಗೆಲ್ಲ ‘ಹರಿಹರದ್ದು’ ಎಂದೇ ಹೆಸರಾಯಿತು. ಡಬ್ಬಿಯ ಮೇಲೆ ರೋಗಿಯ ಹೆಸರಿರುತ್ತಿರಲಿಲ್ಲ, ತಾರೀಖು ಮತ್ತು ವಯಸ್ಸು ಇರುತ್ತಿತ್ತು. ಮೂವತ್ತೊಂದು. ಇಪ್ಪತ್ತೊಂಬತ್ತು. ಮೂವತ್ತು. ಒಂದು ದಿನ ಚಿಮುಟದಿಂದ ತುಂಡನ್ನು ಬಿಡಿಸುತ್ತಿದ್ದ ಹುಮಾ, ‘ಮೇಡಂ, ಇದರಾಗೆ ಕಾಯಿಲೆ ಎಲ್ಲೈತೆ?’ ಎಂದು ಕೇಳಿದಳು. ‘ನಾವು ಡಾಕ್ಟ್ರಲ್ಲ ಹುಮಾ. ನಮ್ಮ ಕೆಲಸ ನಾವು ನೋಡೋಣ’ ಎಂದಿದ್ದಳು ಇವಳು. ಹುಮಾ ಮತ್ತೆ ಕೇಳಲಿಲ್ಲ. ಒಮ್ಮೆಯಾದರೂ ಮತ್ತೆ ಕೇಳಬಹುದಿತ್ತು ಎಂದು ಈಗ ಬಸ್ಸಿನಲ್ಲಿ ಅವಳ ಮೇಲೇ ಸಿಟ್ಟು ಬಂತು.

ಪುಟ್ಟಕ್ಕನದು ಹಾಗಲ್ಲ. ಒಂದು ಮಧ್ಯಾಹ್ನ ಪುಟ್ಟಕ್ಕ ಸಿಂಕಿನ ಹತ್ತಿರ ಸೊಂಟ ಹಿಡಿದು ಕೂತುಬಿಟ್ಟಿದ್ದಳು. ಬಿಳಿ ಹೋಗುತ್ತದೆ, ಬೆನ್ನು ನೋವು, ಮೂರು ತಿಂಗಳಾಯಿತು ಎಂದಳು. ಶಾಂತಕುಮಾರಿಯ ಎದುರು ತುಂಡೊಂದು ಚೆನ್ನಾಗಿ ಬಿಗಿಯುತ್ತಿತ್ತು, ಔಷಧದ ಮುಂದಿನ ಹನಿ ಹಾಕುವ ಹೊತ್ತು. ಪರದೆಯಿಂದ ಕಣ್ಣು ತೆಗೆಯದೆ, ‘ಹರಿಹರಕ್ಕೆ ಹೋಗಿ ನಯನಾ ಡಾಕ್ಟ್ರಿಗೆ ತೋರ್ಸು. ನನ್ನ ಹೆಸರು ಹೇಳು’ ಎಂದಳು. ಅಷ್ಟೇ. ಬೇರೆ ಯಾವ ಡಾಕ್ಟರ ಹೆಸರೂ ಆಗ ನಾಲಿಗೆಗೆ ಬರಲಿಲ್ಲವೇ? ದಾವಣಗೆರೆಯಲ್ಲಿ ಡಾಕ್ಟರಿಗೆ ಬರವೇ? ಕೆಲವು ದಿನ ಬಿಟ್ಟು ಪುಟ್ಟಕ್ಕ ಬಂದು, ‘ಗರ್ಭಕೋಶನೇ ತಗೀಬೇಕಂತ್ರಿ. ಹಂಗೇ ಬಿಟ್ರೆ ಕ್ಯಾನ್ಸರ್ ಆಗ್ತತಂತೆ’ ಎಂದಾಗ ಇವಳು ‘ಹೌದಾ?’ ಎಂದಿದ್ದಳು. ಆ ಕ್ಷಣ ತನ್ನೊಳಗೆ ಹಾದುಹೋದದ್ದು ಏನೆಂದು ಅವಳಿಗೆ ಗೊತ್ತು. ಪುಟ್ಟಕ್ಕನ ವಯಸ್ಸು ಮೂವತ್ತಮೂರು ದಾಟಿಲ್ಲ ಎಂದು. ಕರುಣೆಯಿಂದ ಹಾದುಹೋದ ಲೆಕ್ಕವಲ್ಲ ಅದು.

ನರ್ಸಿಂಗ್ ಹೋಮಿನ ಕೆಳಗೆ ಮೆಡಿಕಲ್ ಶಾಪು, ಮೇಲೆ ವಾರ್ಡು, ಅದಕ್ಕೂ ಮೇಲೆ ಆಪರೇಷನ್ ಥಿಯೇಟರು. ಮೆಟ್ಟಿಲಿನ ಉದ್ದಕ್ಕೂ ಫಿನಾಯಿಲು ಮತ್ತು ಯಾರೋ ತಂದ ಇಡ್ಲಿಯ ವಾಸನೆ ಒಂದಾಗಿತ್ತು. ಆಯಾ ಅಖ್ತರ್ ಬಾನು ಮೇಲಿನ ಬಾಗಿಲಲ್ಲಿ ನಿಂತಿದ್ದಳು. ‘ಬರ್ರಿ ಮೇಡಂ, ತಡ ಆತಲ್ಲ. ಒಂದು ಕೇಸು ಮುಗಿದೈತೆ. ಇನ್ನೊಂದಕ್ಕೆ ಕರೀತಾರೆ ಈಗ. ಫ್ಲಾಸ್ಕ್ ಕೊಡ್ರಿ.’ ಯಾವಾಗಲೂ ಈ ಮಾತಿಗೆ ಇವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಇವತ್ತು ಚೀಲವನ್ನು ಬೆನ್ನ ಹಿಂದೆ ಸರಿಸಿದಳು. ಅಷ್ಟರಲ್ಲಿ ಕಾರಿಡಾರಿನ ಬೆಂಚಿನ ಮೇಲಿನಿಂದ, ‘ಅಯ್ಯೋ, ಮೇಡಮ್ಮಾರೇ!’ ಎಂಬ ಕೂಗು.

ಪುಟ್ಟಕ್ಕ ಹಸಿರು ನಿಲುವಂಗಿಯಲ್ಲಿದ್ದಳು. ತಲೆಗೆ ಎರಡು ಜಡೆ ಹಾಕಿ ಕಟ್ಟಿದ್ದರು, ಅದರಿಂದ ಶಾಲೆಯ ಹುಡುಗಿಯಂತೆ ಕಾಣುತ್ತಿದ್ದಳು. ಬಳೆ ತೆಗೆದ ಕೈಯಲ್ಲಿ ಬಳೆಯ ಗುರುತು ಬೆಳ್ಳಗೆ ಉಳಿದಿತ್ತು. ‘ನನ್ ಸಲುವಾಗಿ ಬಂದ್ರಾ? ಕಾಲೇಜು ಬಿಟ್ಟು?’ ಎಂದು ಎದ್ದು ನಿಂತಳು. ಶಾಂತಕುಮಾರಿ ‘ಹೂಂ’ ಎಂದಳು. ಪುಟ್ಟಕ್ಕ ಪಕ್ಕದಲ್ಲಿದ್ದ ಹೆಂಗಸಿನ ತೋಳು ಹಿಡಿದು, ‘ನೋಡೇ ಯಲ್ಲಕ್ಕ, ನಾನು ಹೇಳ್ತಿದ್ನಲ್ಲ, ಇವರೇ. ಚೀಲದಾಗೆ ಗಂಜಿ ತಂದಾರೆ ಅಂತ ಕಾಣ್ತತೆ’ ಎಂದಳು. ಯಲ್ಲಕ್ಕ ಅವಳ ನಾದಿನಿ, ಮಾಯಕೊಂಡದವಳು. ಮೂವತ್ತರ ಹತ್ತಿರದ ವಯಸ್ಸು, ಮುಖ ಮಾತ್ರ ಊದಿಕೊಂಡು ಬೇರೆ ಯಾರದೋ ಮುಖದಂತಿತ್ತು. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ‘ನಂದೂ ಇಲ್ಲೇ ಆಗಿದ್ದು, ಹೋದ ವರ್ಷ. ಏನೂ ಆಗಂಗಿಲ್ಲ ಅಂತ ಇವಳಿಗೆ ಧೈರ್ಯ ಹೇಳಾಕೆ ಬಂದೀನ್ರಿ. ಮೈ ಉರಿ ಒಂದು ಐತೆ ನೋಡ್ರಿ, ಬೆಂಕಿ ಹಚ್ಚಿದಂಗೆ. ನಿದ್ದಿ ಇಲ್ಲ.’ ಹೋದ ವರ್ಷ. ಶಾಂತಕುಮಾರಿ ಮನಸ್ಸಿನಲ್ಲೇ ಆ ವರ್ಷದ ಡಬ್ಬಿಗಳನ್ನು ಎಣಿಸತೊಡಗಿದಳು. ಈ ಹೆಂಗಸು ತನಗೆ ಹೊಸಬಳಲ್ಲ. ಇವಳನ್ನು ತಾನು ಚಿಮುಟದಿಂದ ಹಿಡಿದಿದ್ದಿರಬಹುದು.

ನಯನಾ ತನ್ನ ಕೋಣೆಯಲ್ಲಿ ಮಾಸ್ಕು ಗದ್ದಕ್ಕೆ ಇಳಿಸಿ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದಳು. ‘ಬಾ ಶಾಂತಕ್ಕ, ಕೂಡು. ನಿನ್ನ ಪುಟ್ಟಕ್ಕನಿಗೆ ಚಾರ್ಜು ಕಡಿಮೆ ಮಾಡೀನಿ, ಹೇಳಿದ್ಲಾ?’

‘ನಯನಾ, ಆಕಿಗೆ ಮಾತ್ರೆಯಾಗೆ ಆಗಂಗಿಲ್ವಾ?’

‘ಆಗ್ತೈತೆ. ತಿಂಗಳು ತಿಂಗಳು ಬಂದು ತೋರಿಸ್ತಾರಾ ಈ ಜನ? ಅರ್ಧ ತಿಂದು ಬಿಡ್ತಾರೆ, ಆಮೇಲೆ ಇನ್ನೊಬ್ಬರ ಹತ್ರ ಹೋಗಿ ತಗಿಸ್ಕೋತಾರೆ. ಮಕ್ಕಳಾಗ್ಯಾವೆ, ಸಂತಾನದ ಆಪರೇಷನ್ನೂ ಆಗೈತೆ. ಇಟ್ಕೊಂಡು ಏನ್ಮಾಡ್ಬೇಕು?’

‘ಅದು ಚೆನ್ನಾಗಿದ್ರೆ?’

ನಯನಾ ಬಿಸ್ಕತ್ತನ್ನು ಚಹಾದಿಂದ ಎತ್ತಿದಳು. ಅದರ ಮೆತ್ತಗಾದ ಅರ್ಧಭಾಗ ಕಪ್ಪಿನಲ್ಲೇ ಉಳಿಯಿತು. ‘ಚೆನ್ನಾಗಿದ್ರೆ ಅಂದ್ರೆ?’

‘ಇಲ್ಲಿಂದ ಬಂದವು ಎಲ್ಲ ಚೆನ್ನಾಗೇ ಇರ್ತಾವೆ. ಎರಡು ವರ್ಷದಿಂದ ನೋಡೀನಿ. ಒಂದರಾಗೂ ಗಂಟಿಲ್ಲ. ಸಂಜೀತನಕ ಬಿಗೀತಾವೆ.’

‘ಅದಕ್ಕೇ ತಾನೇ ಅಕ್ಕ ನೀನು ದಾವಣಗೆರೆ ಬಿಟ್ಟು ಇಲ್ಲಿಗೆ ಬರೋದು?’ ನಯನಾಳ ದನಿಯಲ್ಲಿ ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಲೆಕ್ಕ ತಪ್ಪಿದಾಗ ಶಾಂತಕುಮಾರಿಯೇ ಅವಳನ್ನು ಹಾಗೆ ತಿದ್ದುತ್ತಿದ್ದಳು. ‘ಬಿಳಿ ಹೋಗೋದು, ಬೆನ್ನು ನೋವು, ರಕ್ತಸ್ರಾವ, ಇವೆಲ್ಲ ನಿನ್ನ ಗಾಜಿನ ಕೊಳವೀನಾಗೆ ಕಾಣ್ತಾವಾ? ಸ್ನಾಯು ಚೆನ್ನಾಗಿದ್ರೆ ಹೆಂಗಸು ಚೆನ್ನಾಗಿದಾಳೆ ಅಂತಾನಾ? ಇಷ್ಟು ದಿನ ಒಂದು ಮಾತು ಕೇಳಿಲ್ಲ. ಪೇಪರ್ ಬರೆದಾಗ ಕೆಳಗೆ ನನಗೆ ಥ್ಯಾಂಕ್ಸ್ ಅಂತ ಹಾಕೀದಿ. ಇವತ್ತು ನಿನಗೆ ಗೊತ್ತಿರೋಳು ಬಂದ್ಲು ಅಂತ ಕೇಳ್ತೀಯಾ?’ ಕಪ್ಪನ್ನು ದೂರ ಸರಿಸಿ ಎದ್ದಳು. ‘ಬ್ಯಾಡ ಅಂದ್ರೆ ಕರ್ಕೊಂಡು ಹೋಗು. ನಾನೇನು ಕಟ್ಟಿಹಾಕಿಲ್ಲ. ಆಕೀನೇ ಕೇಳು, ಬರ್ತಾಳೇನೋ.’

ಹೊರಗೆ ಬಂದರೆ ಅಖ್ತರ್ ಬಾನು ಒಂದು ಸ್ಟೀಲ್ ಬಟ್ಟಲು ಹಿಡಿದು ನಿಂತಿದ್ದಳು, ಮೇಲೆ ಒದ್ದೆ ಬಟ್ಟೆ. ‘ಇದನ್ನಾರ ತಗೊಳ್ರಿ ಮೇಡಂ, ಒಣಗಿ ಹೋಗ್ತೈತೆ.’ ಬಟ್ಟೆ ಸರಿಸಿದಳು. ಎರಡು ಬೆರಳಿನಷ್ಟು ತುಂಡು, ನಸುಗೆಂಪು, ಅಂಚು ನಯ. ಅದು ಸಾಯುತ್ತಿತ್ತು. ಶಾಂತಕುಮಾರಿಗೆ ಅದೊಂದೇ ಕಂಡಿತು. ತಣ್ಣಗಿನ ನೀರಿಗೆ ಹಾಕದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಅದು ಯಾವ ಔಷಧಕ್ಕೂ ಓಗೊಡುವುದಿಲ್ಲ. ಅವಳ ಕೈ ಚೀಲಕ್ಕೆ ಹೋಯಿತು, ಮುಚ್ಚಳ ತಿರುಗಿತು, ತುಂಡು ನೀರಿಗಿಳಿಯಿತು. ಎಲ್ಲ ಮುಗಿದ ಮೇಲೆ, ಹಾಗಾದರೆ ತಾನು ಈಗ ಒಳಗೆ ಮಾತಾಡಿದ್ದು ಏನು ಎಂದು ಆಶ್ಚರ್ಯವಾಯಿತು. ಥಿಯೇಟರಿನ ಬಾಗಿಲಿನಿಂದ ಯಾರೋ ‘ಪುಟ್ಟಕ್ಕನ್ನ ಕಳಿಸ್ರಿ’ ಎಂದು ಕೂಗಿದರು.

ಅವಳು ಬೆಂಚಿನ ಹತ್ತಿರ ಹೋಗಿ ಪುಟ್ಟಕ್ಕನ ಎದುರು ನಿಂತು, ‘ಬ್ಯಾಡ ಪುಟ್ಟಕ್ಕ. ನಡಿ ಹೋಗೋಣ’ ಎಂದಳು. ಪುಟ್ಟಕ್ಕ ಚೇಷ್ಟೆಯೆಂದುಕೊಂಡು ನಕ್ಕಳು. ‘ನಿಜ ಹೇಳ್ತೀನಿ. ನಿನಗೆ ಇದು ಬ್ಯಾಡ. ದಾವಣಗೆರಿಯಾಗೆ ಬೇರೆ ಡಾಕ್ಟ್ರಿಗೆ ನಾನೇ ಕರ್ಕೊಂಡು ಹೋಗ್ತೀನಿ.’

‘ಅದೆಂಗ್ರಿ? ಮನ್ಯಾಗೆ ಎಲ್ಲ ಹೊಂದಿಸಿ ಬಂದೀನಿ. ಮಕ್ಕಳನ್ನ ಅತ್ತಿ ಹತ್ರ ಬಿಟ್ಟೀನಿ. ಈಗ ಹಂಗೇ ಹೋದ್ರೆ ನನ್ ಗಂಡ ಏನಂತಾನೆ? ಹೆದ್ರಿ ಓಡಿ ಬಂದ್ಲು ಅಂತಾನೆ.’ ಪುಟ್ಟಕ್ಕನ ನಗು ಇಳಿಯುತ್ತಿತ್ತು. ‘ಕ್ಯಾನ್ಸರ್ ಆಗ್ತೈತೆ ಅಂದಾರಲ್ರಿ. ನೀವೇ ಕಳಿಸಿದ್ರಲ್ಲ.’

‘ತಪ್ಪಾತು. ಕ್ಯಾನ್ಸರ್ ಆಗಂಗಿಲ್ಲ.’

‘ನಿಮಗೆಂಗೆ ಗೊತ್ತು? ನೀವು ಒಳಗ ನೋಡೀರಾ?’

ಪುಟ್ಟಕ್ಕ ಜಗಳಕ್ಕೆ ಕೇಳಿದ್ದಲ್ಲ. ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದಳು. ಶಾಂತಕುಮಾರಿಗೆ ಹಲವು ಉತ್ತರಗಳಿದ್ದವು. ಓದೀನಿ ಎನ್ನಬಹುದಿತ್ತು. ನಾನು ಹೇಳ್ತೀನಿ, ಕೇಳು ಎನ್ನಬಹುದಿತ್ತು. ಆದರೆ ಇವಳು ಒಂದು ಮಾತು ಹೇಳಿ ಹರಿಹರಕ್ಕೆ ಕಳಿಸಿದವಳು, ಇನ್ನೊಂದು ಮಾತು ಹೇಳಿದರೆ ಅದೇ ದನಿ, ಅದೇ ಮಾತು. ಅವಳು ಬೆಂಚಿನ ಮೇಲೆ ಕೂತು, ಫ್ಲಾಸ್ಕನ್ನು ಹೊರತೆಗೆದು ಮುಚ್ಚಳ ಬಿಚ್ಚಿ ಪುಟ್ಟಕ್ಕನ ಕಡೆ ಬಾಗಿಸಿದಳು. ಪುಟ್ಟಕ್ಕ ಗಂಜಿಯೆಂದೇ ಬಗ್ಗಿದಳು.

‘ಇದೇನ್ರಿ?’

‘ನಿನಗಿಂತ ಮುಂಚೆ ಒಳಗೆ ಹೋದಳಲ್ಲ, ಆಕಿದು. ನಾನು ಬಂದಿದ್ದು ಇದಕ್ಕೆ. ನಿನ್ನ ಸಲುವಾಗಿ ಬಂದಿಲ್ಲ, ನಿಂದನ್ನ ಒಯ್ಯಾಕೆ ಬಂದೆ.’ ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ‘ಲ್ಯಾಬಿನಾಗೆ ದಾರ ಕಟ್ಟಿ ಇಳಿಬಿಡ್ತೀನಿ. ಕಾಯಿಲೆ ಇದ್ದಿದ್ದು ಸುಮ್ನೆ ಜೋತು ಬೀಳ್ತೈತೆ. ಇಲ್ಲಿಂದ ಒಯ್ದಿದ್ದು ಒಂದೂ ಹಂಗೆ ಬಿದ್ದಿಲ್ಲ. ಎಲ್ಲಾ ಬಿಗೀತಾವೆ, ಸಡ್ಲಾಗ್ತಾವೆ, ಒಳಗಿದ್ದಾಗ ಮಾಡ್ತಿದ್ದಂಗೇ. ಅದಕ್ಕೇ ನನಗೆ ಗೊತ್ತು.’

ಪುಟ್ಟಕ್ಕ ಫ್ಲಾಸ್ಕಿನೊಳಗೇ ನೋಡುತ್ತಿದ್ದಳು. ‘ಕುರಿದು ಅಂದಿದ್ರಿ,’ ಎಂದಳು. ಕುರಿಯದ್ದೆಂದು ಹೇಳಿದವಳು ಹುಮಾ, ಅದೂ ಯಾವತ್ತೋ, ಪುಟ್ಟಕ್ಕ ಅಸಹ್ಯಪಟ್ಟುಕೊಂಡಾಳೆಂದು. ಶಾಂತಕುಮಾರಿ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದಳು. ‘ನಾನೇ ತೊಳೀತಿದ್ನಲ್ರಿ ಆ ಗಾಜು. ಉಳಿದಿದ್ದನ್ನ ಚೀಲಕ್ಕೆ ಹಾಕಿ ಎಸೀತಿದ್ದೋಳು ನಾನೇ ಅಲ್ವಾ?’ ಯಲ್ಲಕ್ಕ ಎದ್ದು ನಿಂತಿದ್ದಳು. ಕುತ್ತಿಗೆ ಒರೆಸುವ ಕೈ ಹಾಗೇ ಕುತ್ತಿಗೆಯ ಮೇಲೆ ನಿಂತಿತ್ತು. ಥಿಯೇಟರಿನಿಂದ ಮತ್ತೆ ಕೂಗಿದರು. ಪುಟ್ಟಕ್ಕ ಶಾಂತಕುಮಾರಿಯ ಮುಖವನ್ನು ನೋಡಲಿಲ್ಲ. ವಾರ್ಡಿಗೆ ಹೋಗಿ, ಹಸಿರು ಅಂಗಿ ಕಳಚಿ, ತನ್ನ ಸೀರೆ ಉಟ್ಟು, ಬಳೆಯನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಬಂದಳು. ಎರಡು ಜಡೆ ಹಾಗೇ ಇದ್ದವು.

ಮೂವರೂ ಒಂದೇ ಬಸ್ಸು ಹತ್ತಿದರು. ಶಾಂತಕುಮಾರಿಯ ಪಕ್ಕದ ಸೀಟು ಖಾಲಿ ಇತ್ತು. ಪುಟ್ಟಕ್ಕ, ಯಲ್ಲಕ್ಕ ಹಿಂದೆ ಹೋಗಿ, ಕೂರಲು ಜಾಗವಿಲ್ಲದೆ ಕಂಬಿ ಹಿಡಿದು ನಿಂತರು. ಡ್ರೈವರನ ತಲೆಯ ಮೇಲಿನ ಕನ್ನಡಿಯಲ್ಲಿ ಇಬ್ಬರ ಮುಖವೂ ಅವಳಿಗೆ ಕಾಣುತ್ತಿತ್ತು. ಒಂದು ಸಲ ಯಲ್ಲಕ್ಕ ಏನೋ ಕೇಳಿದಳು, ಪುಟ್ಟಕ್ಕ ಗೊತ್ತಿಲ್ಲವೆಂಬಂತೆ ತಲೆ ಆಡಿಸಿದಳು. ತಾನು ಒಳ್ಳೆಯದು ಮಾಡಿದೆ ಎಂದು ಹೇಳಿಕೊಳ್ಳಲು ಶಾಂತಕುಮಾರಿ ಪ್ರಯತ್ನಿಸಿದಳು. ಒಬ್ಬಳಾದರೂ ಉಳಿದಳಲ್ಲ. ಆ ಮಾತು ಮನಸ್ಸಿನಲ್ಲಿ ಪೂರ್ತಿಯಾಗುವ ಮೊದಲೇ, ಫ್ಲಾಸ್ಕಿನ ನೀರು ಬೆಚ್ಚಗಾಗುವುದರೊಳಗೆ ಲ್ಯಾಬು ಮುಟ್ಟಬೇಕೆಂಬ ಅವಸರ ಅದನ್ನು ಪಕ್ಕಕ್ಕೆ ತಳ್ಳಿತು. ದಾವಣಗೆರೆಯಲ್ಲಿ ಇಳಿದು ತಿರುಗಿ ನೋಡುವಷ್ಟರಲ್ಲಿ ಇಬ್ಬರೂ ಪುಟ್ಟಕ್ಕನ ಮನೆಯಿದ್ದ ಶಾಮನೂರಿನ ಬಸ್ಸಿನ ಕಡೆ ನಡೆದುಬಿಟ್ಟಿದ್ದರು.

ಲ್ಯಾಬಿನಲ್ಲಿ ಹುಮಾ ಎಲ್ಲ ಸಿದ್ಧಮಾಡಿಟ್ಟಿದ್ದಳು. ಕೊಳವೆಯ ನೀರು ಬೆಚ್ಚಗಾಗಿತ್ತು, ಆಮ್ಲಜನಕದ ಗುಳ್ಳೆ ಏಳುತ್ತಿತ್ತು. ‘ಒಂದೇನಾ ಮೇಡಂ? ಎರಡಕ್ಕೆ ನೀರು ಅಳೆದಿದ್ರಲ್ಲ’ ಎಂದವಳು ಇವಳ ಮುಖ ನೋಡಿ ಎರಡನೆಯ ಕೊಳವೆಯ ಗುಳ್ಳೆ ನಿಲ್ಲಿಸಿದಳು. ಇದನ್ನು ಮುಟ್ಟುವುದಿಲ್ಲವೆಂದು ಮೆಟ್ಟಿಲು ಹತ್ತುವಾಗ ಶಾಂತಕುಮಾರಿ ನಿಶ್ಚಯಿಸಿದ್ದಳು. ಆದರೆ ಎಸೆಯುವುದಾದರೂ ಎಲ್ಲಿಗೆ? ಎಸೆದರೆ ಆ ಹೆಂಗಸಿಗೆ ಏನಾದರೂ ವಾಪಸ್ಸು ಹೋಗುತ್ತದೆಯೇ? ಹೀಗೆ ಕೇಳಿಕೊಳ್ಳುತ್ತಲೇ ಅವಳು ದಾರ ಕಟ್ಟಿದಳು. ತುಂಡು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಬಿಗಿಯಿತು. ಸಡಿಲಗೊಳಿಸುವ ಔಷಧವನ್ನು ಹನಿ ಹನಿಯಾಗಿ ಏರಿಸಿದಂತೆ ಗುಡ್ಡಗಳು ತಗ್ಗುತ್ತ ಹೋದವು, ನೀರು ಬದಲಾಯಿಸಿದಂತೆ ಮತ್ತೆ ಎದ್ದವು. ಎರಡು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಫಲಿತಾಂಶ ಬಂದಿರಲಿಲ್ಲ. ಅವಳು ಅದನ್ನು ಉಳಿಸಿಟ್ಟಳು. ಮನೆಗೆ ಹೋದಾಗ ಕೈ ಎಷ್ಟು ತೊಳೆದರೂ ಸಾಲದೆ ಮತ್ತೆ ಮತ್ತೆ ತೊಳೆಯುತ್ತಿದ್ದರೆ, ‘ಏನಾತೇ?’ ಎಂದು ಗಂಡ ಬಚ್ಚಲ ಬಾಗಿಲಿಗೆ ಬಂದು ಕೇಳಿದ. ಕೈಯಲ್ಲಿ ಯಾವ ವಾಸನೆಯೂ ಇರಲಿಲ್ಲ.

ತುಂಡು ಸಿಗುತ್ತದೆಂದು ಹರಿಹರದಿಂದ ಫೋನು ಬರುವುದು ನಿಂತಿತು. ಶಿವಕುಮಾರ ಸರ್ ಕರೆಸಿ, ‘ಅಲ್ಲಿ ಏನು ಮಾತಾಡಿ ಬಂದ್ರಿ? ನಯನಾ ಡಾಕ್ಟ್ರು ಇನ್ನು ಮುಂದೆ ಕೊಡಂಗಿಲ್ಲ ಅಂದ್ರು. ಮುಗಿಯೋ ಹೊತ್ತಿಗೆ ಹಿಂಗೆ ಮಾಡ್ಕೊಂಡ್ರಲ್ಲ’ ಎಂದರು. ಅವಳು ಹೇಳಬೇಕೆಂದು ಬಾಯಿ ತೆರೆದಾಗ ಅವರು ಕೈಯೆತ್ತಿ, ‘ನನಗೆ ಅವೆಲ್ಲ ಬ್ಯಾಡ್ರಿ, ಇರೋದ್ರಾಗೆ ಬರೆದು ಮುಗಿಸ್ರಿ’ ಎಂದರು. ಕೇಳಬಾರದ್ದು ಬರಲಿದೆಯೆಂದು ಅವರಿಗೆ ಮೊದಲೇ ಗೊತ್ತಿದ್ದಂತಿತ್ತು. ಎಷ್ಟು ದಿನದಿಂದ ಗೊತ್ತಿತ್ತು? ಅವಳು ಅದನ್ನು ಕೇಳದೆ ಎದ್ದು ಬಂದಳು. ಪುಟ್ಟಕ್ಕ ಕೆಲಸಕ್ಕೆ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಗಾಜಿನ ಸಾಮಾನನ್ನು ಶಾಂತಕುಮಾರಿಯೇ ತೊಳೆಯತೊಡಗಿದಳು. ಹುಮಾ ‘ಬಿಡ್ರಿ ಮೇಡಂ, ನಾನು ತೊಳೀತೀನಿ’ ಎಂದರೂ ಬಿಡಲಿಲ್ಲ. ತೊಳೆಯುವಾಗ ಬಾಗಿಲಲ್ಲಿ ಯಾರೋ ನಿಂತಂತಾಗಿ ಪದೇ ಪದೇ ತಿರುಗುತ್ತಿದ್ದಳು.

ಒಂದು ಮಧ್ಯಾಹ್ನ ತಿರುಗಿದಾಗ ನಿಜವಾಗಿಯೂ ನಿಂತಿದ್ದರು. ಪುಟ್ಟಕ್ಕ, ಹಿಂದೆ ಯಲ್ಲಕ್ಕ, ಅವಳ ಹಿಂದೆ ಇನ್ನೂ ಮೂವರು ಹೆಂಗಸರು. ಎಲ್ಲರೂ ಚಪ್ಪಲಿಯನ್ನು ಕಾರಿಡಾರಿನಲ್ಲಿ ಬಿಟ್ಟಿದ್ದರು. ಶಾಂತಕುಮಾರಿ ಒದ್ದೆ ಕೈಯಲ್ಲೇ ಸ್ಟೂಲುಗಳನ್ನು ಎಳೆದಳು, ‘ಬರ್ರಿ, ಕೂಡ್ರಿ’ ಎಂದಳು. ಯಾರೂ ಕೂರಲಿಲ್ಲ. ಅವರ ಕಣ್ಣು ಗಾಜಿನ ಕೊಳವೆಗಳ ಮೇಲೆ, ಅದರಿಂದ ಇಳಿಬಿದ್ದ ದಾರದ ಮೇಲೆ ಓಡಾಡುತ್ತಿತ್ತು.

‘ನಾನು ಬೇರೆ ಡಾಕ್ಟ್ರಿಗೆ ತೋರಿಸ್ದೆ,’ ಎಂದಳು ಪುಟ್ಟಕ್ಕ. ‘ಮಾತ್ರೆ ಕೊಟ್ರು. ಕಡಿಮೆ ಆಗೈತೆ.’ ಉಪಕಾರ ನೆನೆಯುವ ದನಿಯಲ್ಲ ಅದು, ಕೆಲಸದ ವಿಷಯ ತಿಳಿಸುವ ದನಿ. ‘ಇವರು ನಮ್ ಊರೋರು. ಎಲ್ಲಾರೂ ಅಲ್ಲೇ ತಗಿಸ್ಕೊಂಡೋರು. ನಾನು ಹೇಳಿದ್ದು ಕೇಳಿದಾಗಿಂದ ಇವರಿಗೆ ಊಟ ಸೇರವಲ್ದು. ಒಂದು ಮಾತು ಕೇಳ್ಬೇಕಂತೆ ನಿಮ್ನ.’

ಯಲ್ಲಕ್ಕ ಮುಂದೆ ಬಂದಳು. ‘ಹೋದ ವರ್ಷ ನಾಗರಪಂಚಮಿ ಹಿಂದಿನ ಸೋಮವಾರ ನಂದು ಆಗಿದ್ದು. ಹಬ್ಬಕ್ಕೆ ಮನ್ಯಾಗಿರಲಿಲ್ಲ, ಅದಕ್ಕೆ ನೆನಪೈತೆ. ಇಲ್ಲಿಗೆ ಬಂದಿತ್ತೇನ್ರಿ? ಚೆನ್ನಾಗಿತ್ತೇನ್ರಿ ನಂದು?’

ಹೆಸರು ಬರೆದಿರುವುದಿಲ್ಲ, ಹೇಳಲಾಗುವುದಿಲ್ಲ ಎಂಬ ಉತ್ತರ ಶಾಂತಕುಮಾರಿಯ ತುದಿನಾಲಿಗೆಯಲ್ಲೇ ಇತ್ತು. ಅರ್ಧ ನಿಜವಾದ ಉತ್ತರ. ಹುಮಾ ತನ್ನ ಮೇಜಿನಿಂದ ಇವಳನ್ನೇ ನೋಡುತ್ತಿದ್ದಳು. ಶಾಂತಕುಮಾರಿ ಸೆರಗಿಗೆ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ‘ಆಗ ವಯಸ್ಸೆಷ್ಟು ನಿ‌ಮಗೆ?’ ಎಂದು ಕೇಳಿದಳು. ಯಲ್ಲಕ್ಕ ಹೇಳಿದಳು. ಹೋದ ವರ್ಷದ ಶ್ರಾವಣದ ಆ ಸೋಮವಾರ ಹರಿಹರದಿಂದ ಬಂದದ್ದು ಒಂದೇ. ವಯಸ್ಸು ಹೊಂದಿತು. ಅವಳು ಅದನ್ನು ತೆರೆದಳು. ಪರದೆಯ ಎಡತುದಿಯಿಂದ ನೀಲಿ ಗೆರೆ ನೆಟ್ಟಗೆ ಹೊರಟು, ಏರಿ, ಇಳಿದು, ಮತ್ತೆ ಏರತೊಡಗಿತು. ಯಲ್ಲಕ್ಕ ಬಗ್ಗಿ ನೋಡಿದಳು. ಅವಳ ಉಸಿರಿನ ಬಿಸಿ ಶಾಂತಕುಮಾರಿಯ ಕೆನ್ನೆಗೆ ತಾಗುತ್ತಿತ್ತು.

‘ಇದು ನಂದಾ?’

‘ಹೂಂ.’

‘ಎಷ್ಟೊತ್ತು ಹಿಂಗೆ ಮಾಡ್ತು?’

ಶಾಂತಕುಮಾರಿ ಪರದೆಯಿಂದ ಕಣ್ಣು ತೆಗೆದು ಆ ಊದಿದ ಮುಖವನ್ನು ನೋಡಿದಳು. ‘ಸಂಜೀತನಕ,’ ಎಂದಳು. ‘ನಾವೇ ನಿಲ್ಲಿಸಿದ್ವಿ.’

ಯಲ್ಲಕ್ಕ ಗೆರೆ ಮುಗಿಯುವವರೆಗೂ ನೋಡಿ ಪಕ್ಕಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವಳು ಬಿಟ್ಟ ಜಾಗಕ್ಕೆ ಅವರೆಲ್ಲರಲ್ಲಿ ಚಿಕ್ಕವಳು, ಮದುವೆಯ ಹೊಸ ಕಾಲುಂಗುರ ಇನ್ನೂ ಸವೆಯದಂಥ ಹುಡುಗಿ, ಬಂದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮೆಲ್ಲಗೆ ಹೇಳಿದಳು:

‘ನಂದು ಈ ಸಲದ ಯುಗಾದಿ ಆದಮ್ಯಾಲೆ, ಗುರುವಾರ.’